ಮೂರು ಬೈಕಿನ ಡಬ್ಬಿ: ಔಟ್‌ರೈಡರ್ಸ್ ಬಗ್ಗೆ ಒಬ್ಬ ಗ್ಯಾರೇಜಿನವನ ಅಭಿಪ್ರಾಯ

ಮೇಜಿನ ಮೇಲೆ ಬೊಂಬೆಗಳಿಂದ ಆಡುವ ವಾರ್‌ಹ್ಯಾಮರ್ 40,000 ಎಂಬ ಯುದ್ಧದಾಟದ ಔಟ್‌ರೈಡರ್ಸ್ ಡಬ್ಬಿಯಲ್ಲಿ ಮೂರು ಪ್ಲಾಸ್ಟಿಕ್ ಬೈಕುಗಳಿವೆ, ಮೂವರು ಸವಾರರಿದ್ದಾರೆ. ನನಗೆ ಬಿದ್ದ ಬೆಲೆ ನಾಲ್ಕು ಸಾವಿರ ರೂಪಾಯಿಗಿಂತ ಮೇಲೆ. ಅಷ್ಟು ದುಡ್ಡಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ನನ್ನ ಗ್ಯಾರೇಜಿನಲ್ಲಿ ನೂರು ಸಿಸಿಯ ಗಾಡಿಯೊಂದಕ್ಕೆ ಚೈನ್ ಸ್ಪ್ರಾಕೆಟ್ ಸೆಟ್ಟನ್ನೂ ಹಿಂದಿನ ಟೈರನ್ನೂ ಹೊಸದಾಗಿ ಹಾಕಿ ಕಳಿಸಬಹುದು. ಹಾಗಾಗಿ ಈ ಡಬ್ಬಿಯನ್ನು ನಾನು ಆಟಿಕೆಯೆಂದು ಕೈಗೆತ್ತಿಕೊಳ್ಳಲಿಲ್ಲ. ಗಾಡಿಯೆಂದೇ ಎತ್ತಿಕೊಂಡೆ, ಗಾಡಿಯೆಂದೇ ಪರೀಕ್ಷೆ ಮಾಡಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಔಟ್‌ರೈಡರ್ಸ್ ಕೊಟ್ಟ ದುಡ್ಡಿಗೆ ತಕ್ಕ ಡಬ್ಬಿ. ಆದರೆ ಈ ಆಟದಿಂದ ಒಂದೇ ಒಂದು ಬೈಕ್ ತುಕಡಿಯನ್ನು ಕೊಳ್ಳುವವರು ನೀವಾದರೆ, ಔಟ್‌ರೈಡರ್ಸ್ ಬಿಟ್ಟು ಅಟಲನ್ ಜಾಕಲ್ಸ್ ಡಬ್ಬಿಯನ್ನು ತರಿಸಿಕೊಳ್ಳಿ. ಔಟ್‌ರೈಡರ್ಸ್ ನೋಡಲು ಚೆಂದ, ಮೇಜಿನ ಮೇಲೆ ಬಲಶಾಲಿ. ಜಾಕಲ್ಸ್ ಮಾತ್ರ ನಿಜವಾಗಿ ಓಡಿದ ಗಾಡಿಗಳ ಹಾಗೆ ಕಾಣುತ್ತವೆ. ನನಗೆ ಈ ಎರಡನೆಯ ಗುಣವೇ ದೊಡ್ಡದು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1987ರಲ್ಲಿ ಹೊರತಂದ ಆಟ ಇದು. ಕಥೆ ನಡೆಯುವುದು ಸುಮಾರು ನಲವತ್ತು ಸಾವಿರ ವರ್ಷಗಳಾಚೆ. ಅಲ್ಲಿ ಅಂತರಿಕ್ಷ ನೌಕೆಯೂ ಇದೆ, ಮಾಟ ಮಂತ್ರವೂ ಇದೆ. ಯಂತ್ರಕ್ಕೆ ಎಣ್ಣೆ ಹಾಕುವ ಮುನ್ನ ಪ್ರಾರ್ಥನೆ ಮಾಡುವ ಜನರೂ ಇದ್ದಾರೆ. ಆಯುಧಪೂಜೆಯ ದಿನ ಪಾನಾ, ಸ್ಕ್ರೂಡ್ರೈವರ್‌ಗಳಿಗೆ ಕುಂಕುಮ ಹಚ್ಚಿ, ಕಂಪ್ರೆಸರ್‌ಗೆ ಚೆಂಡುಹೂವಿನ ಮಾಲೆ ಹಾಕುವ ನನಗೆ ಆ ಭಾಗ ಯಾರೂ ವಿವರಿಸಬೇಕಾಗಲಿಲ್ಲ. ಆಡುವವರು ಪ್ಲಾಸ್ಟಿಕ್ ಬೊಂಬೆಗಳ ಬಿಡಿಭಾಗಗಳನ್ನು ತಾವೇ ಅಂಟಿಸಿ, ತಾವೇ ಬಣ್ಣ ಬಳಿದು, ಮೇಜಿನ ಮೇಲೆ ಇಂಚು ಟೇಪಿನಲ್ಲಿ ಅಳೆದು ನಡೆಸುತ್ತಾರೆ. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನನ್ನನ್ನು ಇದಕ್ಕೆ ಎಳೆದದ್ದು ಧಾರವಾಡದಲ್ಲಿ ಓದುತ್ತಿರುವ ಅಣ್ಣನ ಮಗ. “ಕಾಕಾ, ಇದರಲ್ಲಿ ಬೈಕಿನ ಪಡೆಯೇ ಬೇರೆ ಇದೆ, ನೋಡಿ” ಎಂದು ಮೊಬೈಲ್‌ನಲ್ಲಿ ಒಂದು ಚಿತ್ರ ತೋರಿಸಿದ. ಆಮೇಲೆ ನನಗೆ ಬಿಡುವಿನ ಭಾನುವಾರ ಉಳಿಯಲಿಲ್ಲ.

ಬೈಕು ಏರುವ ಪಡೆಗಳು ಈ ಕಥೆಯಲ್ಲಿ ಹಲವು. ಲೋಹದ ಕವಚ ತೊಟ್ಟ ದೈತ್ಯ ಯೋಧರಾದ ಸ್ಪೇಸ್ ಮರೀನ್‌ಗಳಲ್ಲಿ ವೈಟ್ ಸ್ಕಾರ್ಸ್ ಎಂಬ ದಳ ಚೋಗೋರಿಸ್ ಎಂಬ ಹುಲ್ಲುಗಾವಲಿನ ಗ್ರಹದ್ದು. ಅವರ ಹಿರಿಯ ಜಗತಾಯ್ ಖಾನ್. ಕುದುರೆಯ ಮೇಲೆ ಬೆಳೆದ ಜನ ಯಂತ್ರವನ್ನೂ ಕುದುರೆಯ ಹಾಗೆಯೇ ಓಡಿಸುತ್ತಾರೆ. ಡಾರ್ಕ್ ಏಂಜಲ್ಸ್ ದಳದ ಎರಡನೆಯ ಕಂಪನಿಯ ಹೆಸರು ರೇವನ್‌ವಿಂಗ್. ಕಪ್ಪು ಬೈಕುಗಳು, ತಮ್ಮದೇ ದಳದ ದ್ರೋಹಿಗಳನ್ನು ಗುಟ್ಟಾಗಿ ಬೇಟೆಯಾಡುವುದು ಅವರ ಕೆಲಸ. ಇನ್ನು ಹಸಿರು ಮೈಯ ಓರ್ಕ್‌ಗಳು. ಗಾಡಿಗೆ ಕೆಂಪು ಬಣ್ಣ ಹೊಡೆದರೆ ಅದು ಹೆಚ್ಚು ಜೋರಾಗಿ ಓಡುತ್ತದೆ ಎಂದು ಅವರ ನಂಬಿಕೆ, ಅವರ ಲೋಕದಲ್ಲಿ ಆ ನಂಬಿಕೆಗೇ ಶಕ್ತಿ ಇದೆ. ಕೊನೆಗೆ ಜೀನ್‌ಸ್ಟೀಲರ್ ಕಲ್ಟ್: ಗಣಿಯ ಕೂಲಿಗಳ ನಡುವೆ ತಲೆಮಾರುಗಟ್ಟಲೆ ಅಡಗಿ ಬೆಳೆದ, ಮನುಷ್ಯರೂ ಅನ್ಯಗ್ರಹ ಜೀವಿಗಳೂ ಬೆರೆತ ಬೆರಕೆ ಜನ. ಅವರ ಬೈಕ್ ತುಕಡಿಯೇ ಅಟಲನ್ ಜಾಕಲ್ಸ್.

ಸ್ಪೇಸ್ ಮರೀನ್‌ಗಳ ಬೈಕ್ ತುಕಡಿಯಾದ ಔಟ್‌ರೈಡರ್ಸ್ ಮೊದಲು ಕಾಣಿಸಿಕೊಂಡದ್ದು 2020ರಲ್ಲಿ, ಇಂಡಾಮಿಟಸ್ ಎಂಬ ದೊಡ್ಡ ಪೆಟ್ಟಿಗೆಯಲ್ಲಿ. ಅದರಲ್ಲಿದ್ದ ಮೂರು ಬೈಕುಗಳ ಭಂಗಿ ಬದಲಾಗುವಂಥದ್ದಲ್ಲ. ನಾನು ಮಾತಾಡುತ್ತಿರುವುದು ಆಮೇಲೆ ಬಂದ, ಬಿಡಿಭಾಗಗಳ ಡಬ್ಬಿಯ ಬಗ್ಗೆ. ಹಳೆಯ ಪೆಟ್ಟಿಗೆಯವು ಅಲ್ಲಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಕೆಟ್ಟವೇನೂ ಅಲ್ಲ. ಆದರೆ ಆರು ಬೈಕುಗಳ ತುಕಡಿ ಕಟ್ಟುವವರಿಗೆ ಎರಡೆರಡು ಬೈಕು ಪಡಿಯಚ್ಚಾಗಿ ನಿಂತಿರುವುದು ಕಣ್ಣಿಗೆ ಚುಚ್ಚುತ್ತದೆ.

ಕಟ್ಟುವ ಕೆಲಸ ಸುಲಭ. ಪ್ಲಾಸ್ಟಿಕ್ ಪಾಲಿಸ್ಟೈರೀನ್ ಜಾತಿಯದು, ಆದ್ದರಿಂದ ಮಾಡೆಲಿಂಗ್‌ಗೆಂದೇ ಸಿಗುವ ಪ್ಲಾಸ್ಟಿಕ್ ಸಿಮೆಂಟನ್ನು ಬಳಸಿ. ಅದು ಎರಡೂ ಮೈಯನ್ನು ಕರಗಿಸಿ ಒಂದು ಮಾಡುತ್ತದೆ. ಒಣಗಿದ ಮೇಲೆ ಅಲ್ಲಿ ಬೆಸುಗೆಯೇ ಆಗಿರುತ್ತದೆ. ಸಾದಾ ಸೂಪರ್ ಗ್ಲೂ ಮೇಲ್ಮೈಯಲ್ಲಿ ಹಿಡಿದುಕೊಂಡಿರುತ್ತದೆ ಅಷ್ಟೆ, ಮೇಜಿನಿಂದ ಬಿದ್ದರೆ ಕಳಚುತ್ತದೆ. ಎರಡು ಹೋಳುಗಳು ಸೇರುವ ಕಡೆ, ಅದರಲ್ಲೂ ಟೈರಿನ ನಡುವೆ ಗೆರೆ ಉಳಿಯದಂತೆ ನೋಡಿಕೊಳ್ಳಿ. ಬೇರೆಲ್ಲಿ ಗೆರೆ ಉಳಿದರೂ ಬಣ್ಣ ಮುಚ್ಚೀತು. ನೆಲಕ್ಕೆ ತಾಗುವ ಟೈರಿನ ನಡುವೆಯೇ ಉದ್ದಕ್ಕೂ ಒಂದು ದಿಬ್ಬ ಇದ್ದರೆ ಆ ಗಾಡಿ ಒಂದು ಫರ್ಲಾಂಗು ಕೂಡ ಓಡಿಲ್ಲ ಎಂದು ನೋಡಿದವರಿಗೆಲ್ಲ ತಿಳಿಯುತ್ತದೆ. ಚಾಕುವಿನ ಬೆನ್ನಿನಿಂದ ಕೆರೆದು, ಆಮೇಲೆ ನಯವಾದ ಉಜ್ಜುಕಾಗದ ಆಡಿಸಿದರೆ ಸಾಕು.

ಸವಾರನನ್ನು ಬೈಕಿಗೆ ಅಂಟಿಸುವ ಅವಸರ ಬೇಡ. ಅವನು ಕೂತ ಮೇಲೆ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗಕ್ಕೂ ಮೊಣಕಾಲ ಸಂದಿಗೂ ಕುಂಚ ಹೋಗುವುದಿಲ್ಲ. ಬೈಕು ಬೇರೆ, ಆಳು ಬೇರೆ ಬಣ್ಣ ಬಳಿದು, ಕೂರುವ ಜಾಗಕ್ಕೆ ಮಾತ್ರ ಪ್ರೈಮರ್ ತಾಗದಂತೆ ಟೇಪು ಹಚ್ಚಿ, ಕೊನೆಯಲ್ಲಿ ಜೋಡಿಸಿ.

ಈಗ ಗಾಡಿಯ ವಿಚಾರ. ಕಥೆಯಲ್ಲಿ ಇದಕ್ಕೆ ರೈಡರ್ ಅಲ್ಲ, ರೇಡರ್ ಮಾದರಿಯ ಬೈಕು ಎನ್ನುತ್ತಾರೆ. ದಪ್ಪ ಟೈರು, ಮುಂದೆ ಎರಡು ನಳಿಗೆಯ ಬೋಲ್ಟ್ ರೈಫಲ್, ಅದರ ಸುತ್ತ ಯೋಧನ ಎದೆಗವಚದಷ್ಟೇ ಗಟ್ಟಿಯಾದ ಮುಂಗವಚ. ಭಾರ ಎಲ್ಲಿರಬೇಕೋ ಅಲ್ಲೇ ಇದೆ ಎಂಬ ನಂಬಿಕೆ ಹುಟ್ಟುವ ಹಾಗೆ ಕೆತ್ತಿದ್ದಾರೆ. ಸವಾರ ಎಂಟು ಅಡಿಗೆ ಸಮೀಪದ ದೈತ್ಯ, ಮೈತುಂಬ ಲೋಹದ ಕವಚ. ಅಂಥವನು ಕೂತರೂ ಗಾಡಿ ಅವನ ಕೆಳಗೆ ಸಣ್ಣದಾಗಿ ಕಾಣುವುದಿಲ್ಲ. ಸ್ಪೇಸ್ ಮರೀನ್‌ಗಳ ಹಳೆಯ ಬೈಕಿನಲ್ಲಿ ಇದೇ ದೊಡ್ಡ ಕೊರತೆಯಾಗಿತ್ತು, ಆಳು ಮಗುವಿನ ಸೈಕಲ್ಲಿನ ಮೇಲೆ ಕೂತ ಹಾಗೆ ಇರುತ್ತಿದ್ದ. ಆ ಹಳೆಯ ತುಕಡಿಯನ್ನು 2023ರ ಸ್ಪೇಸ್ ಮರೀನ್ ನಿಯಮ ಪುಸ್ತಕದಿಂದ ಕೈಬಿಟ್ಟಿದ್ದಾರೆ. ನನಗೆ ಅದರ ಬಗ್ಗೆ ದುಃಖವಿಲ್ಲ.

ಆದರೆ ನನ್ನ ಕಣ್ಣು ಹೋಗಿ ನಿಂತದ್ದು ಮಡ್‌ಗಾರ್ಡಿನ ಮೇಲೆ. ನಮ್ಮ ಕಡೆ ಮಣ್ಣು ಎರಡು ಬಗೆ. ಧಾರವಾಡದಿಂದ ದಕ್ಷಿಣಕ್ಕೆ, ಕಲಘಟಗಿಯ ಕಡೆ ಹೊರಟರೆ ಕೆಂಪು ಮಸಾರಿ. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಹೊರಟರೆ ಕಪ್ಪು ಎರೆ. ಒಂದು ಮಳೆಯಾದ ಮೇಲೆ ಎರೆ ಹೊಲದ ದಾರಿಯಲ್ಲಿ ಬೈಕು ಓಡಿಸಿದವರಿಗೆ ಗೊತ್ತು: ಮಣ್ಣು ಟೈರಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನ ಒಳಗೆ ಸುತ್ತು ಸುತ್ತಾಗಿ ತುಂಬಿ, ಕೊನೆಗೆ ಚಕ್ರವೇ ತಿರುಗದೆ ನಿಲ್ಲುತ್ತದೆ. ಇಳಿದು ಕಟ್ಟಿಗೆಯಿಂದ ಕೆದಕಿ ತೆಗೆಯಬೇಕು. ಮುಂಗಾರಿನಲ್ಲಿ ನನ್ನ ಬಳಿ ಬರುವ ಆ ಭಾಗದ ರೈತರು ಮುಂದಿನ ಮಡ್‌ಗಾರ್ಡನ್ನೇ ಬಿಚ್ಚಿಸಿ ಮನೆಗೆ ಒಯ್ಯುತ್ತಾರೆ, ಇಲ್ಲವೇ ಮೇಲಕ್ಕೆ ಎತ್ತಿ ಕಟ್ಟಿಸಿಕೊಳ್ಳುತ್ತಾರೆ. ಔಟ್‌ರೈಡರ್ಸ್ ಬೈಕಿನಲ್ಲಿ ಟೈರಿಗೂ ಮೇಲಿನ ಕವಚಕ್ಕೂ ನಡುವೆ ಇರುವ ಸಂದಿ ಬಲು ಕಿರಿದು. ಕಲ್ಲುನೆಲದಲ್ಲಿ, ಮರಳಿನಲ್ಲಿ, ಬಾಂಬು ಬಿದ್ದ ಪಟ್ಟಣದ ಬೀದಿಯಲ್ಲಿ ಈ ಗಾಡಿ ಚೆನ್ನಾಗಿ ಓಡುತ್ತದೆ ಎಂದು ನಾನು ನಂಬುತ್ತೇನೆ. ಅಣ್ಣಿಗೇರಿಯ ಹೊಲಕ್ಕೆ ಜುಲೈ ತಿಂಗಳಲ್ಲಿ ಇಳಿದರೆ ಬದು ದಾಟುವುದರೊಳಗೆ ನಿಲ್ಲುತ್ತದೆ. ಎಲ್ಲ ಗ್ರಹಗಳಲ್ಲೂ ಹೋರಾಡಬೇಕಾದ ಪಡೆಯ ಗಾಡಿಗೆ ಇದು ಸಣ್ಣ ದೋಷವಲ್ಲ.

ಜಾಕಲ್ಸ್ ನನಗೆ ಹೆಚ್ಚು ಹಿಡಿಸಿದ್ದು ಇಲ್ಲೇ. 2019ರಲ್ಲಿ ಬಂದ ಆ ಡಬ್ಬಿಯಲ್ಲಿ ನಾಲ್ಕು ಡರ್ಟ್ ಬೈಕುಗಳು, ವುಲ್ಫ್‌ಕ್ವಾಡ್ ಎಂಬ ನಾಲ್ಕು ಚಕ್ರದ ಗಾಡಿ ಒಂದು. ಗಣಿಯಿಂದ ಗಣಿಗೆ ಓಡಾಡಲು ಇಟ್ಟುಕೊಂಡ ಗಾಡಿಗಳನ್ನೇ ಯುದ್ಧಕ್ಕೆ ತಂದಿದ್ದಾರೆ. ಸಾಮಾನು ಕಟ್ಟಿಕೊಂಡಿದ್ದಾರೆ, ಬಂಡೆ ಒಡೆಯುವ ಸಿಡಿಮದ್ದನ್ನೇ ಬಾಂಬಾಗಿ ಕೈಯಲ್ಲಿ ಹಿಡಿದಿದ್ದಾರೆ, ವುಲ್ಫ್‌ಕ್ವಾಡ್ ಮೇಲೆ ಬೇಕಿದ್ದರೆ ಗಣಿಯ ಲೇಸರ್ ಕೂರಿಸಬಹುದು. ಒಬ್ಬೊಬ್ಬ ಸವಾರನೂ ತನ್ನ ಗಾಡಿಯನ್ನು ತಾನೇ ರಿಪೇರಿ ಮಾಡಿಕೊಂಡವನು ಎಂದು ಮೈ ಭಂಗಿಯಲ್ಲೇ ಗೊತ್ತಾಗುತ್ತದೆ. ಔಟ್‌ರೈಡರ್ಸ್ ಸವಾರನಿಗೆ ಗಾಡಿಯನ್ನು ಯಾರೋ ತಯಾರು ಮಾಡಿ ಕೊಟ್ಟಿರುತ್ತಾರೆ, ಅವನು ಹತ್ತಿ ಹೊರಡುತ್ತಾನೆ. ಎರಡೂ ಕಥೆಗೆ ಸರಿಯೇ. ನನ್ನ ಮನಸ್ಸು ಮೊದಲನೆಯವನ ಕಡೆ.

ಓರ್ಕ್‌ಗಳ ವಾರ್‌ಬೈಕರ್ಸ್ ಡಬ್ಬಿ ಗದಗಿನ ಗೆಳೆಯನ ಬಳಿ ಇದೆ. ತಗಡು, ಮೊಳೆ, ಕೊಳವೆ, ದೊಡ್ಡ ಬಂದೂಕು, ಎಲ್ಲವೂ ಒಂದರ ಮೇಲೊಂದು. ಹೊಸದಾಗಿ ಬಣ್ಣ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಡಬ್ಬಿ ಇಲ್ಲ, ಕುಂಚ ಆಚೀಚೆ ಹೋದರೂ ಓರ್ಕ್ ಗಾಡಿಗೆ ಅದು ಶೋಭೆಯೇ. ಅದಕ್ಕಿಂತ ಹೆಚ್ಚು ಹೇಳುವಂಥದ್ದು ನನಗೆ ಕಾಣಲಿಲ್ಲ.

ಬಣ್ಣದ ವಿಚಾರಕ್ಕೆ ಬಂದರೆ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ತಾಳಿಕೊಳ್ಳಿ. ಗಾಡಿಗೆ ಹೊಡೆಯುವ ಪ್ರೈಮರನ್ನು ಈ ಬೊಂಬೆಗಳಿಗೆ ಹೊಡೆಯಬೇಡಿ. ಅದರ ಪದರ ದಪ್ಪ; ಆಳೆತ್ತರವನ್ನು ಸುಮಾರು 28 ಮಿಲಿಮೀಟರಿಗೆ ಇಳಿಸಿದ ಈ ಅಳತೆಯಲ್ಲಿ ನಟ್ಟು ಬೋಲ್ಟುಗಳೆಲ್ಲ ಅದರ ಅಡಿಯಲ್ಲಿ ಹೂತುಹೋಗುತ್ತವೆ. ಬೊಂಬೆಗಳಿಗೆಂದೇ ಇರುವ ತೆಳು ಪ್ರೈಮರ್ ತಂದುಕೊಳ್ಳಿ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ಅಂಗಳದಲ್ಲಿ ನಿಂತು ಸ್ಪ್ರೇ ಮಾಡುವುದೂ ಬೇಡ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪ್ರೈಮರ್ ಮೈಮೇಲೆ ರವೆರವೆಯಾಗಿ ಕೂರುತ್ತದೆ. ಮಳೆಗಾಲ ಪೂರ್ತಿ ಕುಂಚದಲ್ಲೇ ಪ್ರೈಮರ್ ಬಳಿಯುವುದು ಉತ್ತಮ.

ನಾನು ಆರಿಸಿಕೊಂಡದ್ದು ವೈಟ್ ಸ್ಕಾರ್ಸ್‌ನ ಬಿಳಿ. ಬಿಳಿ ಬಣ್ಣ ಕಷ್ಟ ಎಂದು ಎಲ್ಲರೂ ಹೆದರಿಸುತ್ತಾರೆ, ಆ ಮಾತು ನಿಜ. ತಿಳಿಬೂದಿಯಿಂದ ಶುರುಮಾಡಿ, ನೀರಾಗಿಸಿದ ಬಿಳಿಯನ್ನು ಪದರ ಪದರವಾಗಿ ಏರಿಸಿದರೆ ಬರುತ್ತದೆ. ಬಿಳಿಯ ದೊಡ್ಡ ಲಾಭವೇನೆಂದರೆ ಗಾಡಿಯ ಬದುಕು ಅದರ ಮೇಲೆ ಎದ್ದು ಕಾಣುತ್ತದೆ. ಎಲ್ಲಿ ಏನು ಸವೆಯುತ್ತದೆ ಎಂದು ತಿಳಿದು ಬಳಿಯಬೇಕು. ಹಲವರು ಬೊಂಬೆಯ ಮೈತುಂಬ ಒಂದೇ ಸಮ ಗೀರು ಹಾಕಿಬಿಡುತ್ತಾರೆ. ನಿಜವಾದ ಗಾಡಿಯಲ್ಲಿ ಟ್ಯಾಂಕಿನ ಬಣ್ಣ ಹೋಗುವುದು ಮೊಣಕಾಲು ಉಜ್ಜುವ ಎರಡು ಪಕ್ಕದಲ್ಲಿ. ಅಲ್ಲೂ ಗೀರಲ್ಲ, ಹೊಳಪು ಹೋಗಿ ಮಾಸುತ್ತದೆ. ಕಾಲಿಡುವ ಕಡೆ ಅಂಚಿನ ಲೋಹ ಬರಿದಾಗಿ ಹೊಳೆಯುತ್ತದೆ. ಹಿಂದಿನ ಚಕ್ರ ಎರಚಿದ ಮಣ್ಣು ಸವಾರನ ಬೆನ್ನಿಗೂ ಬೂಟಿನ ಹಿಮ್ಮಡಿಗೂ ತಾಗುತ್ತದೆ, ಎದೆಗಲ್ಲ. ಸೈಲೆನ್ಸರಿನ ಬಾಯಿಯ ಸುತ್ತ ಮಸಿ ಕೂರುತ್ತದೆ, ಅದು ಹೋಗುವ ದಿಕ್ಕು ಹಿಂದಕ್ಕೆ.

ಸೈಲೆನ್ಸರ್ ಕೊಳವೆಯ ಬಣ್ಣವನ್ನಂತೂ ದಯವಿಟ್ಟು ಸರಿಯಾಗಿ ಬಳಿಯಿರಿ. ಕಾದ ಉಕ್ಕು ಬಣ್ಣ ತಿರುಗುವುದಕ್ಕೆ ಒಂದು ಕ್ರಮವಿದೆ. ಸುಮಾರು 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಣಹುಲ್ಲಿನ ಹಳದಿ, 280ರ ಹೊತ್ತಿಗೆ ನೇರಳೆ, 300 ಮುಟ್ಟುವಾಗ ನೀಲಿ. ಕೊಳವೆ ಎಂಜಿನ್ನಿಗೆ ಹತ್ತಿರವಾದಷ್ಟೂ ಬಿಸಿ ಹೆಚ್ಚು. ಅಂದ ಮೇಲೆ ನೀಲಿ ಎಂಜಿನ್ನಿನ ಪಕ್ಕದಲ್ಲಿ, ಅದರಾಚೆ ನೇರಳೆ, ಕೊನೆಗೆ ಹಳದಿ, ಆಮೇಲೆ ಸಾದಾ ಲೋಹ. ನಾನು ನೋಡಿದ ಎಷ್ಟೋ ಚೆಂದದ ಬೊಂಬೆಗಳಲ್ಲಿ ನೀಲಿಯನ್ನು ಕೊಳವೆಯ ತುದಿಗೆ ಬಳಿದಿದ್ದಾರೆ. ಬೆಂಕಿ ಉಗುಳುವ ಬಂದೂಕಿನ ನಳಿಗೆಗೆ ಅದು ಸರಿ, ಎಂಜಿನ್ನಿನ ಕೊಳವೆಗೆ ತಪ್ಪು. ಮೊದಲು ಕಡುಬೂದಿ ಲೋಹದ ಬಣ್ಣ, ಅದರ ಮೇಲೆ ಬಲು ನೀರಾದ ಮೂರು ಬಣ್ಣಗಳು, ಪ್ರತಿ ಬಣ್ಣವೂ ಹಿಂದಿನದರ ಮೇಲೆ ಸ್ವಲ್ಪ ಹತ್ತಬೇಕು. ಇಷ್ಟು ಮಾಡಿದರೆ ಬೈಕು ಈಗತಾನೆ ಓಡಿ ಬಂದು ನಿಂತ ಹಾಗೆ ಕಾಣುತ್ತದೆ. ಅಣ್ಣನ ಮಗನ ಬೈಕುಗಳಲ್ಲೂ ಕೊಳವೆಗಳನ್ನು ನಾನೇ ಕೂತು ಬಳಿದುಕೊಟ್ಟೆ.

ಬೈಕನ್ನು ಅಂಟಿಸಿ ನಿಲ್ಲಿಸುವ ಪೀಠ ಮೊಟ್ಟೆಯಾಕಾರದ್ದು, 90 ಮಿಲಿಮೀಟರ್ ಉದ್ದ, 52 ಮಿಲಿಮೀಟರ್ ಅಗಲ. ಬಿರುಕು ಬಿಡುವ ಬಣ್ಣವೊಂದು ಸಿಟಡೆಲ್ ಹೆಸರಿನಲ್ಲಿ ಬರುತ್ತದೆ, ಅಗ್ರೆಲನ್ ಅರ್ತ್ ಎಂದು. ದಪ್ಪಗೆ ಬಳಿದು ಒಣಗಲು ಬಿಟ್ಟರೆ ತಾನಾಗಿ ಸೀಳುತ್ತದೆ. ಅದರ ಮೇಲೆ ಕಪ್ಪು ವಾಶ್ (ನೀರಾದ ಬಣ್ಣ) ಹರಿಸಿದರೆ ಏಪ್ರಿಲ್ ತಿಂಗಳ ಎರೆ ಹೊಲ ಕಣ್ಣೆದುರು ಬರುತ್ತದೆ. ಬೇಸಿಗೆಯ ಬಿರುಕು ನೆಲದ ಮೇಲೆ ಓಡುವ ಗಾಡಿಯ ಟೈರಿಗೆ ಹಸಿ ಕೆಸರು ಬಳಿಯಬೇಡಿ, ಒಣಗಿದ ಬೂದುಬಣ್ಣದ ದೂಳು ಸಾಕು. ಪೀಠದ ಮಣ್ಣೂ ಟೈರಿನ ಮಣ್ಣೂ ಒಂದೇ ಆಗಿರಲಿ.

ಇನ್ನು ಆಟ. 2023ರ ಹತ್ತನೆಯ ಆವೃತ್ತಿಯ ನಿಯಮಗಳನ್ನು ಹಿಡಿದು ಹೇಳುತ್ತೇನೆ. ಸ್ಪೇಸ್ ಮರೀನ್ ಕಾಲಾಳು ಸಾಮಾನ್ಯವಾಗಿ ಒಂದು ಸರದಿಗೆ 6 ಇಂಚು ನಡೆಯುತ್ತಾನೆ, ಔಟ್‌ರೈಡರ್ 12 ಇಂಚು ಓಡುತ್ತಾನೆ. ಬೇರೆಯವರು ಇನ್ನಷ್ಟು ಮುಂದೆ ಹೋಗಬೇಕೆಂದರೆ ದಾಳ ಉರುಳಿಸಿ, ಬಿದ್ದಷ್ಟು ಇಂಚು ಸೇರಿಸಿಕೊಳ್ಳಬೇಕು. ಈ ತುಕಡಿಗೆ ದಾಳದ ಹಂಗಿಲ್ಲ, ನೇರವಾಗಿ 6 ಇಂಚು ಸೇರುತ್ತದೆ. ಒಟ್ಟು 18 ಇಂಚು. ದೊಡ್ಡ ಆಟದ ಮೇಜು 60 ಇಂಚು ಉದ್ದ, 44 ಇಂಚು ಅಗಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಒಬ್ಬೊಬ್ಬನ ತಾಳಿಕೆಯೂ ಚೆನ್ನಾಗಿದೆ, ನಾಲ್ಕು ಗಾಯ ತಿಂದ ಮೇಲೆಯೇ ಬೀಳುತ್ತಾನೆ.

ಅಷ್ಟಾದರೂ ಇದು ಎದುರಾಳಿಯ ದೊಡ್ಡ ಪಡೆಗೆ ಡಿಕ್ಕಿ ಹೊಡೆಯುವ ತುಕಡಿಯಲ್ಲ. ಮೂವರ ಕೈಯ ಚೈನ್‌ಸ್ವೋರ್ಡ್ (ಗರಗಸದಂಥ ಕತ್ತಿ) ಬಡಪಾಯಿ ಕಾಲಾಳುಗಳನ್ನು ಸವರೀತು, ಟ್ಯಾಂಕನ್ನಲ್ಲ. ಈ ಆಟ ಗೆಲ್ಲುವುದು ಮೇಜಿನ ಮೇಲೆ ಗುರುತು ಮಾಡಿದ ಠಾಣೆಗಳನ್ನು ಹಿಡಿದುಕೊಂಡವರು. ಠಾಣೆಯಿಂದ 3 ಇಂಚಿನೊಳಗೆ ಯಾರ ಬಲ ಹೆಚ್ಚೋ ಠಾಣೆ ಅವರದು. ಎದುರಾಳಿ ಇಬ್ಬರು ಮೂವರನ್ನು ಕಾವಲಿಗೆ ಬಿಟ್ಟು ಮರೆತ ಮೂಲೆ ಯಾವುದೆಂದು ನೋಡಿ, ಎರಡನೆಯ ಮೂರನೆಯ ಸರದಿಯಲ್ಲಿ ಅಲ್ಲಿಗೆ ಮೂರು ಬೈಕು ನುಗ್ಗಿಸಿ. ಅವನು ತನ್ನ ನಡುಪಡೆಯಿಂದ ಯಾರನ್ನಾದರೂ ಹಿಂದಕ್ಕೆ ಕಳಿಸಲೇಬೇಕಾಗುತ್ತದೆ. ಗದಗಿನ ಗೆಳೆಯನ ಓರ್ಕ್‌ಗಳು ಹೀಗೆ ಹಿಂತಿರುಗಿ ಓಡುವುದನ್ನು ನೋಡುವುದು ಭಾನುವಾರದ ದೊಡ್ಡ ಸುಖ.

ಸಾಮಾನ್ಯವಾಗಿ, ಮೇಲೆ ಹೇಳಿದ ಹಾಗೆ ಹೆಚ್ಚಿನ ಇಂಚು ಸೇರಿಸಿಕೊಂಡು ಓಡಿದ ಸರದಿಯಲ್ಲಿ ಶತ್ರುವಿನ ಮೇಲೆ ಎರಗುವಂತಿಲ್ಲ. ಆದರೆ ಸ್ಪೇಸ್ ಮರೀನ್ ಪುಸ್ತಕದಲ್ಲಿ ಸ್ಟಾರ್ಮ್‌ಲ್ಯಾನ್ಸ್ ಎಂಬ ಪಡೆಯ ಕಟ್ಟಣೆ ಇದೆ, ವೈಟ್ ಸ್ಕಾರ್ಸ್‌ನ ಯುದ್ಧರೀತಿಗೆ ಹೇಳಿಮಾಡಿಸಿದ್ದು. ಅದರಲ್ಲಿ ಓಡಿದ ಮೇಲೂ ಎರಗಬಹುದು. 18 ಇಂಚು ಓಡಿ, ಅದರ ಮೇಲೆ ಎರಡು ದಾಳದಲ್ಲಿ ಬಿದ್ದಷ್ಟು ಇಂಚು ಎರಗುವ ಮೂರು ಬಿಳಿ ಬೈಕುಗಳನ್ನು ಎದುರಿಗೆ ಕೂತವರು ಮೊದಲೇ ಲೆಕ್ಕ ಹಾಕಿರುವುದೇ ಇಲ್ಲ. ಔಟ್‌ರೈಡರ್ಸ್ ಕೊಂಡವರು ಈ ಕಟ್ಟಣೆಯನ್ನು ಆಡಿಯೇ ನೋಡಬೇಕು.

ಒಂದು ಎಚ್ಚರಿಕೆ ಪಾಳುಗೋಡೆಗಳ ಬಗ್ಗೆ. ನಿಯಮದಂತೆ ಕಾಲಾಳು ಪಾಳುಬಿದ್ದ ಕಟ್ಟಡದ ಗೋಡೆಯನ್ನು ಹಾದು ಹೋಗಬಲ್ಲ, ಬೈಕು ಹೋಗಲಾರದು. ಸುತ್ತಿ ಬಳಸಿ ಬರಬೇಕು, ಆ ಉದ್ದನೆಯ ಪೀಠ ತೂರುವಷ್ಟು ದಾರಿಯೂ ಇರಬೇಕು. ನಾವು ರಟ್ಟಿನಲ್ಲಿ ಕಟ್ಟಿಕೊಂಡ ಕಟ್ಟಡಗಳ ನಡುವೆ ಮೊದಮೊದಲು ಕಿರುಗಲ್ಲಿಗಳೇ ಹೆಚ್ಚಾಗಿ ಬೈಕುಗಳಿಗೆ ಉಸಿರು ಕಟ್ಟುತ್ತಿತ್ತು. ಈಗ ಎರಡು ಕಟ್ಟಡಗಳ ನಡುವೆ ಕನಿಷ್ಠ 4 ಇಂಚು ಬಿಡುತ್ತೇವೆ. ಆಟದ ಸ್ವರೂಪವೇ ಬದಲಾಯಿತು. ಬೈಕು ತುಕಡಿ ಕೆಲಸಕ್ಕೆ ಬರುವುದಿಲ್ಲ ಎಂದು ದೂರುವವರು ಮೊದಲು ತಮ್ಮ ಮೇಜಿನ ಬೀದಿಗಳನ್ನು ಅಳೆದು ನೋಡಲಿ. ಅಳೆಯಲು ದುರ್ಗದಬೈಲ್‌ನಲ್ಲಿ ಸಿಗುವ ದರ್ಜಿಯ ಟೇಪು ಸಾಕು. ಮೆತ್ತಗಿರುವುದರಿಂದ ಬೊಂಬೆಗೆ ತಾಗಿದರೂ ಬಣ್ಣ ಕೀಳುವುದಿಲ್ಲ.

ಒಯ್ಯುವ ಬಗ್ಗೆಯೂ ಹೇಳಬೇಕು, ಈ ಬೈಕುಗಳನ್ನು ಸ್ಪಂಜಿನಲ್ಲಿ ಸುತ್ತಿಡುವುದು ಸರಿಯಲ್ಲ. ಹ್ಯಾಂಡಲ್, ಕತ್ತಿಯ ತುದಿ, ಹೊರಚಾಚಿದ ಸಣ್ಣ ಭಾಗಗಳು ಸ್ಪಂಜಿಗೆ ಸಿಕ್ಕಿ ಬಾಗುತ್ತವೆ, ಅಂಚಿನ ಬಣ್ಣ ಉಜ್ಜಿಹೋಗುತ್ತದೆ. ಪೀಠದ ಅಡಿಯಲ್ಲಿ ಮುಂದೊಂದು ಹಿಂದೊಂದು ಪುಟ್ಟ ನಿಯೋಡಿಮಿಯಂ ಅಯಸ್ಕಾಂತ ಅಂಟಿಸಿ. ಒಂದೇ ಅಂಟಿಸಿದರೆ ಬಸ್ಸಿನ ಕುಲುಕಾಟಕ್ಕೆ ಗಾಡಿ ಅದರ ಸುತ್ತ ತಿರುಗಿ ಪಕ್ಕದ್ದಕ್ಕೆ ಬಡಿಯುತ್ತದೆ. ಡಬ್ಬಿಯ ತಳಕ್ಕೆ ಕಬ್ಬಿಣದ ತಗಡು ಬೇಕು. ಅಡುಗೆಮನೆಯ ಸ್ಟೀಲ್ ಡಬ್ಬಿಗಳಲ್ಲಿ ಹಲವಕ್ಕೆ ಅಯಸ್ಕಾಂತ ಹಿಡಿಯುವುದಿಲ್ಲ, ಅಂಗಡಿಯಲ್ಲೇ ಒಂದು ಚೂರು ಅಯಸ್ಕಾಂತ ತಾಗಿಸಿ ನೋಡಿ ಕೊಳ್ಳಿ. ನಾನು ಪ್ಲಾಸ್ಟಿಕ್ ಪೆಟ್ಟಿಗೆಯ ತಳಕ್ಕೆ ಹಳೆಯ ಗಾಡಿಯ ಪಕ್ಕದ ಕವರಿನಿಂದ ಕತ್ತರಿಸಿದ ತಗಡು ಹಾಕಿಕೊಂಡಿದ್ದೇನೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತೇನೆ, ಬೈಕುಗಳು ನಿಂತಲ್ಲೇ ನಿಂತಿರುತ್ತವೆ.